ಸುಮ್ಮನಿರುವುದಕ್ಕೂ ಒಂದು ಸೆಟ್ಟಿಂಗ್

ಗೆಳೆಯರೇ, ಇವತ್ತು ಹಿರಿಯೂರು ಬಸ್‌ಸ್ಟ್ಯಾಂಡ್ ಪಕ್ಕದ ಇಂಟರ್‌ನೆಟ್ ಫೋನ್ ಅಂಗಡಿಯಿಂದ ಮಸ್ಕತ್ತಿನಲ್ಲಿರುವ ಅಕ್ಕನಿಗೆ ಫೋನು ಮಾಡಿದ್ದೆ. ಅವ್ವ ಹೋದ ಮೇಲೆ ನಾವಿಬ್ಬರೂ ಹೆಚ್ಚು ಮಾತಾಡುವುದಿಲ್ಲ. ಫೋನು ಹಿಡಿದು ಸುಮ್ಮನೆ ಕೂರುತ್ತೇವೆ. ಇವತ್ತು ನಾನು ಸುಮ್ಮನಾದಾಗಲೆಲ್ಲ ಅಕ್ಕ, "ಲೇ, ಲೈನು ಕಟ್ಟಾಯ್ತೇನೋ?" ಎಂದು ಗಾಬರಿಯಾಗುತ್ತಿದ್ದಳು.

ಅಂಗಡಿಯ ಸಿದ್ದಣ್ಣ ಹೆಮ್ಮೆಯಿಂದ ಹೇಳಿದರು: "ಹೊಸ ಸೆಟ್ಟಿಂಗ್ ಹಾಕಿದೀನಿ. ಮಾತಿಲ್ದಾಗ ಮಿಷನ್ನು ಸದ್ದೇ ಕಳ್ಸಲ್ಲ. ಮಾತು ಮಾತ್ರ ಚೆನ್ನಾಗಿ ಕೇಳ್ತೈತೆ."

"ಅದನ್ನ ತೆಗೀರಿ ಸಿದ್ದಣ್ಣ. ನಾವು ಮಾತಾಡೋದೇ ಕಮ್ಮಿ."

ಗೊಣಗುತ್ತಲೇ ತೆಗೆದರು. ಹೊರಗೆ ಕಂಡಕ್ಟರ್ "ಹೊಸದುರ್ಗ, ಹೊಸದುರ್ಗ" ಎಂದು ಕೂಗುತ್ತಿದ್ದ.

"ಈಗ ಎಲ್ಲಾ ಕೇಳ್ತೈತೆ ಕಣೋ," ಎಂದಳು ಅಕ್ಕ. "ನೀನು ಸುಮ್ನಿರು."

ಇಬ್ಬರೂ ಸುಮ್ಮನೆ ಕೂತೆವು. ಸಿದ್ದಣ್ಣನಿಗೆ ತಡೆಯಲಾಗಲಿಲ್ಲ.

"ಇಷ್ಟು ಒಳ್ಳೆ ಲೈನ್ ಕೊಟ್ಟಿದೀನಿ, ಒಂದು ಮಾತಾದ್ರೂ ಆಡ್ರಿ."