ಎಲ್ಲದಕ್ಕೂ ಒಂದೇ ಟಿಣ್

ಲಸಿಕೆ ಕೋಣೆಯ ನರ್ಸಮ್ಮ ಇಪ್ಪತ್ತೆರಡು ವರ್ಷ ಫ್ರಿಜ್ಜಿನ ಸದ್ದು ಕೇಳಿಯೇ ಅದರ ಆರೋಗ್ಯ ಹೇಳುತ್ತಿದ್ದವಳು. ಆಮೇಲೆ ಆಸ್ಪತ್ರೆಯವರು ಅವಳ ಮೇಜಿನ ಮೇಲೆ ಕಂಪ್ಯೂಟರ್ ತಂದು ಕೂರಿಸಿದರು. ಪಾಸ್‌ವರ್ಡ್ ಬದಲಿಸಿ ಎನ್ನುವುದಕ್ಕೂ ಟಿಣ್, ಯಾರದೋ ಹುಟ್ಟುಹಬ್ಬಕ್ಕೂ ಟಿಣ್, ಫ್ರಿಜ್ಜಿನ ಬಾಗಿಲು ತೆರೆದಿದ್ದರೂ ಅದೇ ಟಿಣ್, ಅದೇ ಕೆಂಪು ಚೌಕ. ‘ಸರಿ’ ಒತ್ತದೆ ಮುಂದಿನ ಕೆಲಸ ಸಾಗುತ್ತಿರಲಿಲ್ಲ. ಒತ್ತಿ ಒತ್ತಿ ಅವಳ ಬೆರಳು ಕಣ್ಣನ್ನು ಕೇಳುವುದನ್ನೇ ಬಿಟ್ಟಿತು.

ಮೊನ್ನೆ ಬಾಗಿಲು ಸರಿಯಾಗಿ ಮುಚ್ಚದೆ ಆರುನೂರು ಡೋಸ್ ಲಸಿಕೆ ಹಾಳಾಯಿತು. ಆ ಸಾಫ್ಟ್‌ವೇರ್ ಮಾಡಿದವನು ಇಸ್ತ್ರಿ ಅಂಗಿ ತೊಟ್ಟು ಬಂದ, ಅವಳ ಮೇಲೆ ಗೂಬೆ ಕೂರಿಸಲು.

“ಸಿಸ್ಟರ್, ನಮ್ದೇನೂ ತಪ್ಪಿಲ್ಲ. ಹತ್ತು ಹದಿನಾಲ್ಕಕ್ಕೆ ಎಚ್ಚರಿಕೆ ಬಂದಿದೆ, ನೀವು ‘ಸರಿ’ ಒತ್ತಿದೀರಿ. ಓದೋಕೇನು ಕಷ್ಟ?”

ನರ್ಸಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಕುರ್ಚಿ ಬಿಟ್ಟೆದ್ದಳು.

“ಕೂತ್ಕೊಳ್ಳಿ. ಇವತ್ತಿನ ಲಸಿಕೆ ಪಟ್ಟೀನೆಲ್ಲ ನೀವೇ ಕಂಪ್ಯೂಟರಿಗೆ ಹಾಕಿ.”

ಅವನು ಕೂತ. ಮೊದಲ ಐದಾರು ಟಿಣ್‌ಗಳನ್ನು ಅವಳಿಗೆ ಪಾಠ ಹೇಳುವವನಂತೆ ಗಟ್ಟಿಯಾಗಿ ಓದಿದ. ಆಮೇಲೆ ಗೊಣಗಿದ. ಅರ್ಧ ಗಂಟೆಯಲ್ಲಿ ಅವನ ಬೆರಳೂ ತಾನಾಗಿಯೇ ಓಡತೊಡಗಿತು.

“ಈಗ ಒತ್ತಿದ್ರಲ್ಲ, ಅದ್ರಲ್ಲೇನಿತ್ತು?” ಎಂದಳು.

“ಯಾವ್ದೋ ಮಾಮೂಲಿದು.”

“ಹಿಂದೆ ತಿರುಗಿ ನೋಡಿ.”

ಅವನ ಬೆನ್ನ ಹಿಂದೆ ಖಾಲಿ ಫ್ರಿಜ್ಜಿನ ಬಾಗಿಲು ಹಾರು ಹೊಡೆದಿತ್ತು. ತೆರೆದಿಟ್ಟವಳು ಅವಳೇ.

ನರ್ಸಮ್ಮ ಗೋಡೆ ಗಡಿಯಾರ ನೋಡಿದಳು. “ಹನ್ನೊಂದು ಇಪ್ಪತ್ತಕ್ಕೆ ಎಚ್ಚರಿಕೆ ಬಂದಿದೆ, ನೀವು ‘ಸರಿ’ ಒತ್ತಿದೀರಿ. ಬರ್ಕೊಳ್ಳಿ.”