ಎಡಮೈ, ಬಲಮೈ ಎಂಬ ನನ್ನ ಪಾಠ

ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ಹೇಳುವ ಚಟ ಮಾಸ್ತರರಿಗೆ ಇದ್ದೇ ಇರುತ್ತದೆ. ನನಗೆ ತುಸು ಜಾಸ್ತಿಯೇ ಇತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ ಮಾನ್ವಿ ತಾಲೂಕಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಎಂಟನೆಯ ತರಗತಿಗೆ ಭ್ರೂಣದ ಪಾಠ ಮಾಡುತ್ತ, ಮೊದಲ ಜೀವಕೋಶ ಎರಡಾಗುವ ಚಿತ್ರ ಬರೆದು, ಒಂದು ಎಡಮೈ, ಇನ್ನೊಂದು ಬಲಮೈ ಎಂದುಬಿಟ್ಟೆ. ಪುಸ್ತಕದಲ್ಲಿ ಹಾಗಿರಲಿಲ್ಲ, ಚಿತ್ರ ಮಾತ್ರ ಚೆನ್ನಾಗಿ ಬಂದಿತ್ತು. ಮುಂದಿನ ಬೆಂಚಿನಲ್ಲಿ ಅವಳಿಗಳಾದ ಈರಮ್ಮ, ಹುಲಿಗೆಮ್ಮ ಕೂತಿದ್ದರು. ಅವರನ್ನು ನೋಡಿ ನಾಲಿಗೆ ಇನ್ನೂ ಉದ್ದವಾಯಿತು.

"ಅವೆರಡೂ ಬ್ಯಾರೆ ಆದ್ರ ಅವಳಿ-ಜವಳಿ. ಇದ್ದದ್ದನ್ನ ಹಂಚ್ಕೋಬೇಕು. ಒಬ್ಬಕಿಗೆ ಬುದ್ಧಿ, ಇನ್ನೊಬ್ಬಕಿಗೆ ರಟ್ಟಿಬಲ!"

ತರಗತಿ ನಕ್ಕಿತು. ಮರುವರ್ಷ ಹುಲಿಗೆಮ್ಮ ಶಾಲೆಗೆ ಬರಲಿಲ್ಲ. ಯಾಕೆಂದು ನಾನೂ ಕೇಳಲಿಲ್ಲ.

ಆ ವರ್ಷದ ದಸರಾ ರಜೆಯಲ್ಲಿ ರಾಯಚೂರಿನಲ್ಲಿ ನಮಗೆ ತರಬೇತಿ ನಡೆಯಿತು. ಪಾಠಕ್ಕೆ ಬಂದ ಪ್ರಾಣಿಶಾಸ್ತ್ರದ ಉಪನ್ಯಾಸಕರು, ಇಲಿಯ ಭ್ರೂಣ ಎರಡೇ ಕೋಶದ್ದಿರುವಾಗ ಒಂದನ್ನು ತೆಗೆದರೂ ಉಳಿದದ್ದರಿಂದ ಪೂರ್ತಿ ಇಲಿ ಹುಟ್ಟಬಲ್ಲದು ಎಂದರು. ಆ ಹೊತ್ತಿಗೆ ಇದು ಕಣ್ಣು, ಇದು ಕರುಳು ಎಂದು ಏನೂ ತೀರ್ಮಾನವಾಗಿರುವುದಿಲ್ಲವಂತೆ. ಯಾವ ಕೋಶವಾದರೂ ಏನು ಬೇಕಾದರೂ ಆಗಬಹುದಂತೆ. ನನ್ನ ಎಡಮೈ, ಬಲಮೈ ನೆನಪಾಯಿತು. ಅರ್ಧದಿಂದ ಪೂರ್ತಿ! ಆ ಮಧ್ಯಾಹ್ನ ನನಗೆ ಮಿರ್ಚಿ ಭಜಿ ಕೂಡ ಸೇರಲಿಲ್ಲ. ನನ್ನನ್ನು ಬಲ್ಲವರು ಗಾಬರಿಯಾಗುವ ಸಂಗತಿ ಇದು.

ಊರಿಗೆ ಬಂದವನೇ, ಈಗ ಒಂಬತ್ತಕ್ಕೆ ಬಂದಿದ್ದ ಅದೇ ಮಕ್ಕಳ ತರಗತಿಯಲ್ಲಿ ತಪ್ಪೊಪ್ಪಿಕೊಂಡೆ. ಈರಮ್ಮ ಅಳತೊಡಗಿದಳು.

"ಸರ, ನೀವು ಹೇಳಿದ್ದನ್ನ ಮನ್ಯಾಗ ಹೇಳಿದ್ದೆ. ಬುದ್ಧಿ ನಿನಗ ಬಂದದ, ರಟ್ಟಿ ಅಕಿಗೆ ಬಂದದ ಅಂತ ನಮ್ಮಪ್ಪ ಹುಲಿಗೆಮ್ಮನ್ನ ಸಾಲಿ ಬಿಡಿಸಿ ಕೂಲಿಗೆ ಹಚ್ಯಾನ."

ತಮಾಷೆಗೆ ಆಡಿದ ಮಾತು ಒಂದು ಹುಡುಗಿಯನ್ನು ಭತ್ತದ ಗದ್ದೆಗೆ ನೂಕಿತ್ತು. ಸಂಜೆಯೇ ಅವರ ಮನೆಗೆ ಹೋದೆ. ತಂದೆ ಅಮರಪ್ಪ, ಅಕ್ಕಿ ಗಿರಣಿಯ ಹಮಾಲ, ನನ್ನ ಮಾತನ್ನೆಲ್ಲ ಕೇಳಿಸಿಕೊಂಡ.

"ಹೋದ ವರ್ಷ ಅರ್ಧರ್ಧ ಅಂದ್ರಿ, ಈಗ ಇಬ್ರೂ ಪೂರ್ತಿ ಅಂತೀರಿ. ಬರೋ ವರ್ಷ ಏನಂತೀರಿ, ಸರ?"

"ಗೊತ್ತಿಲ್ಲಪಾ," ಎಂದೆ.

ಅಮರಪ್ಪ ಎದ್ದು ನಿಂತ. "ನಿಮಗ ಗೊತ್ತಿಲ್ದ ಮ್ಯಾಲ ನಾ ಯಾಕ ಬಿಡಿಸ್ಲಿ? ಹೋಗವಾ, ನಾಳಿಂದ ನೀನೂ ಹೋಗು," ಎಂದು ಬಾಗಿಲಲ್ಲಿ ನಿಂತಿದ್ದ ಹುಲಿಗೆಮ್ಮನಿಗೆ ಹೇಳಿದ.

ಮರುದಿನ ಅವಳ ಹೆಸರನ್ನು ಮತ್ತೆ ಹಾಜರಿ ಪುಸ್ತಕಕ್ಕೆ ಸೇರಿಸುತ್ತ ಹೆಡ್ ಮಾಸ್ತರರು ಗೊಣಗಿದರು: "ಇಷ್ಟು ಪಾಠ ತಪ್ಪ್ಯಾವ. ಈಗ ಬಂದು ಈಕಿ ಏನಾಗ್ತಾಳ್ರೀ?"

ಏನು ಬೇಕಾದರೂ ಆಗಬಹುದು ಎಂಬ ಉತ್ತರ ನಾಲಿಗೆಯ ತುದಿಗೇ ಬಂದಿತ್ತು. ಅದೂ ನನಗೆ ಗೊತ್ತಿಲ್ಲದ್ದೇ ಎಂದು ನುಂಗಿಕೊಂಡು ತರಗತಿಗೆ ನಡೆದೆ.