ಲ್ಯಾಪ್‌ಟಾಪ್ ಸರಿಯಾಯಿತು, ಅಪ್ಪನ ಬಸ್ಸು ಗುದ್ದೋದು ಮಾತ್ರ ನಿಲ್ಲಲಿಲ್ಲ

ಹೋದ ವಾರ ಅಪ್ಪ ಲ್ಯಾಪ್‌ಟಾಪ್ ಮುಂದೆ ಕೂತು ಬಸ್ಸನ್ನು ಮೂರನೇ ಸಲ ಲಾರಿಗೆ ಗುದ್ದಿಸಿದರು. ಗುದ್ದಿಸಿ, ನನ್ನ ಕಡೆ ತಿರುಗಿ ಬೈದರು.

"ಎಂಥಾ ಡಬ್ಬಾ ಕೊಟ್ಟಿಯವ್ವ ನನಗ? ರಸ್ತೇನ ಮಸುಕ್ ಮಸುಕ್ ಕಾಣಾಕತ್ತೈತಿ."

ಡಬ್ಬಾ ಅಂದರೆ ನನ್ನ ಎಂಟು ವರ್ಷದ ಹಳೇ ಲ್ಯಾಪ್‌ಟಾಪ್. ಅಪ್ಪ ಜೀಡಿಮೆಟ್ಲಾದ ಒಂದು ಔಷಧಿ ಕಂಪನಿಯ ಸ್ಟಾಫ್ ಬಸ್ ಓಡಿಸಿ ರಿಟೈರ್ ಆದವರು. ಮನೆಯಲ್ಲಿ ಬೇಜಾರು ಅಂತಿದ್ದರು ಅಂತ ನಾನೇ ಬಸ್ ಓಡಿಸುವ ಗೇಮ್ ಹಾಕಿಕೊಟ್ಟಿದ್ದೆ. ಗೇಮ್ ಹೊಸದು, ಮಷಿನ್ ಹಳೇದು... ತಡೆತಡೆದು ಓಡುತ್ತಿತ್ತು.

ಹೊಸ ಗೇಮಿಂಗ್ ಲ್ಯಾಪ್‌ಟಾಪ್ ನಮ್ಮ ಕೈಲಾಗದ ಮಾತು. ನಾಚಾರಂನಲ್ಲಿ ಕ್ವಾಲಿಟಿ ಚೆಕಿಂಗ್ ಮಾಡುವ ನನ್ನ ಸಂಬಳದಲ್ಲಿ ರಿಪೇರಿಗೆ ಎರಡು ಸಾವಿರವೇ ಲಿಮಿಟ್.

ಎರಡು ದಿನ ವಿಡಿಯೋ ನೋಡಿ ತಲೆ ಕೆಟ್ಟು ಮೊಸರುಗಡಿಗೆ ಆಯಿತು. ಒಬ್ಬ ಗ್ರಾಫಿಕ್ಸ್ ಕಾರ್ಡ್ ಹಾಕು ಅಂತಾನೆ, ಇನ್ನೊಬ್ಬ ಇಂಥ ಲ್ಯಾಪ್‌ಟಾಪಿಗೆ ಅದು ಹಾಕಲಿಕ್ಕೇ ಬರೋದಿಲ್ಲ ಅಂತಾನೆ.

ಕೊನೆಗೆ ರಿಪೇರಿ ಅಂಗಡಿಯವರು ಬಿಚ್ಚಿ ನೋಡಿ, ಖಾಲಿ ಇದ್ದ ಸ್ಲಾಟಿಗೆ ಸೆಕೆಂಡ್ ಹ್ಯಾಂಡ್ ರ‍್ಯಾಮ್ ಹಾಕಿದರು, ಫ್ಯಾನಿನ ಧೂಳು ತೆಗೆದರು. ಗೇಮಿನ ಸೆಟ್ಟಿಂಗ್ಸ್‌ನಲ್ಲಿ ನೆರಳು-ಗಿರಳು ಎಲ್ಲ ನಾನು ಆಫ್ ಮಾಡಿದೆ.

ನಂಬ್ತೀರೋ ಇಲ್ಲವೋ, ಬಸ್ಸು ನೀರು ಕುಡಿದಷ್ಟು ಸಲೀಸಾಗಿ ಓಡಿತು! ರಸ್ತೆ ಪಕ್ಕದ ಬೋರ್ಡಿನ ಅಕ್ಷರ ಕೂಡ ಓದಬಹುದು. ನನಗಂತೂ ಭಾಳ ಖುಷಿ.

ಅಪ್ಪ ಕೂತರು. ಐದು ನಿಮಿಷದಲ್ಲಿ, ಬಲಗಡೆಯಿಂದ ಬಂದ ಆಟೋಗೆ ಢಮ್.

"ಇನ್ನೂ ಹಂಗ ಐತಿ. ನಿನಗ ಟೋಪಿ ಹಾಕ್ಯಾನ ಅಂವ."

ನನಗೂ ರೇಗಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಅಂದುಬಿಟ್ಟೆ.

ಮತ್ತೆ ಅಂಗಡಿಗೆ ಹೊತ್ತುಕೊಂಡು ಹೋದೆ. ಅವರು ತಾವೇ ಆಡಿ ತೋರಿಸಿ, "ಅಂತಾ ಬಾಗುಂದಿ ಕದಾ ಮೇಡಂ" ಅಂತ ತೆಲುಗಿನಲ್ಲಿ ಅಂದರು, ಎಲ್ಲ ಚೆನ್ನಾಗಿದೆಯಲ್ಲ ಅಂತ. ನನ್ನ ಕಣ್ಣಿಗೂ ಎಲ್ಲ ಚೆನ್ನಾಗಿಯೇ ಕಂಡಿತು. ಏನೂ ತಿಳಿಯದೆ ವಾಪಸ್ ಬಂದೆ.

ನಿನ್ನೆ ಸಂಜೆ ಮನೆಗೆ ಬಂದಾಗ ಅಪ್ಪ ಆಡುತ್ತಿದ್ದಾರೆ. ಒಂದೇ ಒಂದು ಡಿಕ್ಕಿ ಇಲ್ಲ!

ಪಕ್ಕದಲ್ಲಿ ಅವ್ವ ಬೇಳೆ ಆರಿಸುತ್ತಾ ಆಗಾಗ ಟೇಬಲ್ ತಟ್ಟುತ್ತಿದ್ದಾಳೆ. ಬಸ್ಸಿನ ಕ್ಲೀನರ್ ತಟ್ಟುತ್ತಾನಲ್ಲ, ಹಾಗೆ... ಒಂದು ಸಲ ಅಂದರೆ ನಿಲ್ಲಿಸು, ಎರಡು ಸಲ ಅಂದರೆ ಬಿಡು. ಬಲಗಡೆಯಿಂದ ಗಾಡಿ ಬಂದಾಗಲೆಲ್ಲ ಅವ್ವ ಒಂದು ಸಲ ತಟ್ಟುತ್ತಾಳೆ, ಅಪ್ಪ ಬ್ರೇಕ್ ಹಾಕುತ್ತಾರೆ.

ಅವ್ವ ಹಾಲು ಉಕ್ಕುತ್ತೆ ಅಂತ ಒಳಗೆ ಓಡಿದಳು. ಮತ್ತೆ ಢಮ್.

ನಾನೂ ಹಿಂದೆಯೇ ಹೋಗಿ ಕೇಳಿದೆ, ಅಪ್ಪನಿಗೆ ಬಲಗಡೆ ಕಾಣೋದಿಲ್ಲವಾ ಅಂತ. ಅವ್ವ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

"ಸಣ್ಣಕ ಮಾತಾಡ. ಎರಡು ವರ್ಷ ಆತು. ಸ್ಕೂಟರ್ ಮ್ಯಾಲೂ ನಾನ ಹಿಂದ ಕುಂತು ಬೆನ್ನ ತಟ್ಟತೀನಿ. ಗಾಡಿ ಬಿಡಿಸಿದ್ರ ಆ ಮನಶ್ಯಾ ಉಳಿಯಂಗಿಲ್ಲ."

ಈ ಊರಿನ ಟ್ರಾಫಿಕ್‌ನಲ್ಲಿ, ಎರಡು ವರ್ಷ! ಸಾಮಾನು ತರಲಿಕ್ಕೆ ಇಬ್ಬರೂ ಬೇಗಂ ಬಜಾರ್‌ವರೆಗೆ ಹೀಗೇ ಹೋಗಿ ಬಂದಿದ್ದಾರೆ.

ಅವ್ವನ ಮೇಲೆ ಸಿಟ್ಟು ಬಂತು, ಅಳುವೂ ಬಂತು. ಅಪ್ಪನಿಗೆ ನಾನು ಅಂದ ಮಾತು ನೆನಪಾಗಿ ನಾಚಿಕೆಯಾಯಿತು.

ಕಣ್ಣಿನ ಡಾಕ್ಟರ್ ಹತ್ತಿರ ಹೋಗೋಣ ಅಂದರೆ ಅಪ್ಪ, ಮೊದಲು ಆ ಡಬ್ಬಾ ಸರಿ ಮಾಡಿಸು ಅಂತಾರೆ. ಅವರಿಗೆ ನಿಜಕ್ಕೂ ಗೊತ್ತಿಲ್ಲವೋ, ಗೊತ್ತಿದ್ದೂ ಹೆದರಿಕೊಂಡಿದ್ದಾರೋ... ನನಗೆ ತಿಳಿಯುತ್ತಿಲ್ಲ.

ಈಗ ಇಬ್ಬರೂ ಬಜಾರಿಗೆ ಹೊರಟು ನಿಂತಿದ್ದಾರೆ. ಸ್ಕೂಟರ್ ಕೀ ನನ್ನ ಪರ್ಸಿನಲ್ಲಿದೆ, ನಾನು ಒಳಗಿನ ಕೋಣೆಯಲ್ಲಿ ಕೂತು ಇದನ್ನು ಟೈಪ್ ಮಾಡುತ್ತಿದ್ದೇನೆ.

ಹೊರಗೆ ಅಪ್ಪ ಕೀ ಹುಡುಕುತ್ತಿದ್ದಾರೆ. ನಾನು ತೆಗೆದಿದ್ದನ್ನು ಅವ್ವ ನೋಡಿದ್ದಾಳೆ, ಆದರೂ ಜೊತೆಗೆ ಹುಡುಕುತ್ತಿದ್ದಾಳೆ...

ನೀವಾಗಿದ್ದರೆ ಹೊರಗೆ ಹೋಗಿ ಅಪ್ಪನಿಗೆ ಏನು ಹೇಳುತ್ತಿದ್ದಿರಿ?